ಕಾರ್ಲ್‌ಬಿ ಹಡಗದಾಗ ಸತ್ತ ಮಾಳಸಿದ್ದ

೩೧-೭-೮೯, ಸೋಮವಾರ

ಇವತ್ತೂ ಮಳಿ. ಮೂರನೇತ್ತೆ ಕ್ಲಾಸಿನ ಹಂಚು ಸೋರಾಕತ್ತಾವ. ಹುಡುಗೂರನ್ನ ನಾಕನೇತ್ತೆದಾಗ ತುರುಕಿ ಮಗ್ಗಿ ಹೇಳಿಸಿದೆ. ಹೆಡ್‌ಮಾಸ್ತರಗ ಮತ್ತೊಂದ ಅರ್ಜಿ. "ನೋಡೂಣ ಬಾಯಾರ" ಅಂದ್ರು. ಕಳದ ವರ್ಷನೂ ನೋಡೂಣ ಅಂದಿದ್ರು. ಇವರು ನೋಡೂದರಾಗ ನಾ ರಿಟಾಯರ್ ಆಕ್ಕೀನಿ.

ಸಾಲಿ ಬಿಟ್ಟು ಮನಿಗೆ ಬಂದ್ರ ಕಟ್ಟಿ ಮ್ಯಾಲ ಬಳಿ ಮಾರೂ ಲಕ್ಷ್ಮಿಬಾಯಿ. ಐತವಾರ ಪಂಚಮಿ, ಓಣಿ ಹೆಂಗಸರೆಲ್ಲ ನೆರದಿದ್ರು. ಅವ್ವ ಎರಡೂ ಕೈ ಚಾಚಿ ಕುಂತಿದ್ಲು, ಹಸರ ಬಳಿಗೆ. ನಾ ಸೀದಾ ಒಳಗ ಹೋದೆ. ಮುತ್ತೈದಿಯರು ಬಳಿ ಇಡಸೂವಾಗ ನನ್ನಂಥಾಕಿ ಮುಂದ ನಿಂದರಬಾರದು. ನಮ್ಮ ಮನಿಯವರು ತೀರಿ ಎಂಟ ವರ್ಷ. ಉಗಾರ ಫ್ಯಾಕ್ಟರಿಗೆ ಕಬ್ಬಿನ ಗಾಡಿ ಹೊಡೀತಿದ್ರು, ಒಂದಿನ ಎದಿ ಹಿಡಕೊಂಡು ಕುಂತಾವರು ಮತ್ತ ಏಳಲಿಲ್ಲ. ಆವತ್ತಿಂದ ಬರೇ ಕೈ. ರೂಢಿ ಆಗೇತಿ.

ಆಗಿಲ್ಲ. ಸುಳ್ಳ ಯಾಕ ಬರೀಲಿ, ಇದನ್ನ ಓದಾವರು ಯಾರದಾರ.

ಒಳಗಿದ್ರೂ ಕಿವಿ ಹೊರಗ ಇತ್ತು. ಎದರಮನಿ ಪದ್ಮವ್ವ ಸುರು ಮಾಡಿದ್ಲು — "ದುಂಡವ್ವಕ್ಕಾ, ಓಡಿ ಹೋದಾವನ ಹೆಸರಲೆ ಇನ್ನೂ ಎಷ್ಟ ಬಳಿ ಇಡಸ್ತಿ ಬೇ?" ಅವ್ವ ತಲಿ ಎತ್ತದ ಅಂದ್ಲು — "ನಿನ್ನಾಂವ ಮನ್ಯಾಗ ಇದ್ದೂ ದಿನಾ ಗಟಾರದಾಗ ಬೀಳತಾನ. ನೀ ಯಾರ ಹೆಸರಲೆ ಇಡಸಾಕತ್ತಿ?" ಲಕ್ಷ್ಮಿಬಾಯಿ ನಕ್ಕು ನಕ್ಕು ಎರಡ ಬಳಿ ಒಡದ್ಲು.

ಬೇಷ್ ಆತು. ಖರೆ ಅಂದ್ರ ಅವ್ವ ಹಿಂಗ ಮಾತಿಗೆ ಮಾತ ಕೊಡಕೋತ ನಲವತ್ತೇಳ ವರ್ಷ ಆತು. ನಾ ಹೊಟ್ಟ್ಯಾಗಿದ್ದಾಗ ಅಪ್ಪ, ಮಲಕಾರಿ, ಕುರಿ ಬಿಟ್ಟು ಮುಂಬೈಗೆ ಹೋದ, ಹಡಗದಾಗ ಕಲ್ಲಿದ್ದಲಿ ಹಾಕೂ ಕೆಲಸಕ್ಕ. ನಲವತ್ತೆರಡನೇ ಇಸವಿ ಮ್ಯಾಲ ಸುದ್ದಿ ಇಲ್ಲ. ಅವನ ಜೋಡಿ ಹೋಗಿದ್ದ ಮಾಳಸಿದ್ದ ಕಾಕಾ ಊರಿಗೆ ಬಂದು ಹೇಳಿದ — ಮಲಕಾರಿ ಮುಂಬೈ ಡೋಂಗ್ರಿ ಓಣ್ಯಾಗ ಒಬ್ಬಾಕಿನ್ನ ಇಟ್ಟಕೊಂಡಾನ, ಇನ್ನ ಬರೂದಿಲ್ಲ. ಅಷ್ಟ. ಅವ್ವ ಓಡಿ ಹೋದಾವನ ಹೆಂಡ್ತಿ, ನಾ ಓಡಿ ಹೋದಾವನ ಮಗಳು. ಉಡಿ ತುಂಬೂದಿದ್ರ ಅವ್ವನ್ನ ಕರೀತಾರ, ಕಟ್ಟಕಡೀಗೆ. ಗಂಡ ಎಲ್ಲೋ ಜೀವಂತ ಅದಾನಲ್ಲ, ಮುತ್ತೈದಿ ಅನ್ನದ ಹ್ಯಾಂಗ ಬಿಡತಾರ.

೯-೮-೮೯, ಬುಧವಾರ

ಇವತ್ತಿಂದು ಸಾವಕಾಶ ಬರೀತೀನಿ.

ಊಟದ ಬೆಲ್ ಆಗಿತ್ತು. ಪೋಸ್ಟಿನ ತುಕಾರಾಮ ಸಾಲಿ ತನಕ ಬಂದ. "ಬಾಯಾರ, ಮಾಳಸಿದ್ದ ಕಾಕಾಗ ರಜಿಸ್ಟರ್ ಬಂದೈತ್ರಿ, ಇಂಗ್ಲೀಷದಾಗ. ಓದಿ ಹೇಳಬೇಕಂತ." ಊರಾಗ ಯಾರ ಕಾಗದ ಬಂದ್ರೂ ನನ್ನ ಕೊಳ್ಳಿಗೆ. ಹೋದೆ.

ಕಾಕಾ ಬೀರದೇವರ ಗುಡಿ ಕಟ್ಟಿ ಮ್ಯಾಲ ಕುಂತಿದ್ದ, ಚಾ ಕುಡಕೋತ. ಎಪ್ಪತ್ತೈದ ದಾಟ್ಯಾವ, ಇನ್ನೂ ಅವನ ಮಾತಿಲ್ಲದ ಗುಡ್ಯಾಗ ಡೊಳ್ಳು ಏಳೂದಿಲ್ಲ. ಪೂಜಾರಿ ಧೂಳಪ್ಪ, ಇನ್ನೊಂದ ನಾಕ ಮಂದಿ ಇದ್ರು. ಲಕೋಟಿ ಮ್ಯಾಲಿಂದ ಮೊದಲ ಓದಿದೆ — "ಯುದ್ಧಕಾಲದಲ್ಲಿ ಎಸ್. ಎಸ್. ಕಾರ್ಲ್‌ಬಿ ಹಡಗಿನಲ್ಲಿ ಮೃತರಾದ ಮಾಳಸಿದ್ದ ಬೀರಪ್ಪ ಅವರ ವಾರಸುದಾರರಿಗೆ, ಭೋಜ."

ಎಲ್ಲಾರೂ ಹೋ ಅಂತ ನಕ್ರು. ತುಕಾರಾಮ ಅಂದ — "ಕಾಕಾ, ನೀವು ತೀರಿಕೊಂಡೀರಿ. ಚಾ ಕೆಳಗಿಡ್ರಿ."

ಕಾಕಾ ನಗಲಿಲ್ಲ.

ಒಳಗ ಒಂದ ಪಾನ ಇಂಗ್ಲೀಷ್. ಬರದಾವರು ಕೊಲ್ಹಾಪುರದ ಜ್ಞಾನದೇವ ಅಂತ, ರಿಟಾಯರ್ಡ್ ಹಡಗದ ಎಂಜಿನಿಯರ್. ಆ ಹಡಗದ ಇತಿಹಾಸ ಬರಿಯಾಕತ್ತಾರ. ೧೯೪೨ನೇ ಇಸವಿ ನವೆಂಬರದಾಗ ಮುಳುಗಿದ ಕಾರ್ಲ್‌ಬಿ ಮ್ಯಾಲ ಕಲ್ಲಿದ್ದಲಿ ಹಾಕೂ ಫಾಯರ್‌ಮನ್ ಆಗಿದ್ದ ತಮ್ಮ ಹಿರಿಯರ ಫೋಟೋ ಇದ್ರ ಕಳಸ್ರಿ... ಅಷ್ಟರಾಗ ಕಾಕಾ ಕಾಗದ ಕಸಗೊಂಡ. ಬಶಿ ಉಳ್ಳಿ ಚಾ ಧೋತರ ಮ್ಯಾಲ. "ಯಾವನೋ ಹುಚ್ಚ. ಒಂದ ಹೆಸರಿನಾವರು ಹತ್ತ ಮಂದಿ ಇರತಾರ. ನೀ ಸಾಲಿಗೆ ಹೋಗ ತಂಗಿ."

ಸಂಜಿ, ೬

ನಮ್ಮ ಭೋಜದಾಗ ಬೀರಪ್ಪನ ಮಗ ಮಾಳಸಿದ್ದ ಒಬ್ಬನ. ಆ ಒಬ್ಬ ಗುಡಿ ಕಟ್ಟಿ ಮ್ಯಾಲ ಚಾ ಕುಡೀತಾನ. ಹಂಗಾರ ಹಡಗದಾಗ ಸತ್ತಾಂವ ಯಾರು?

ಕಾಗದ ಕಸಗೊಂಡ್ರೇನು. ಇಪ್ಪತ್ತಮೂರ ವರ್ಷ ಹಾಜರಿ ಕರದಾಕಿ ನಾ. ವಿಳಾಸ ಬಾಯಿಪಾಠ ಆಗೇತಿ.

೧೩-೮-೮೯, ಐತವಾರ

ಕೊಲ್ಹಾಪುರಕ್ಕ ಹೋಗಿ ಬಂದೆ. ಅವ್ವಗ ಟ್ರೇನಿಂಗ್ ಅಂತ ಹೇಳಿದೆ. ಐತವಾರ ಎಂಥಾ ಟ್ರೇನಿಂಗ್ ಅಂತ ಕೇಳಲಿಲ್ಲ. ಭಾಕರಿ ಕಟ್ಟಿ ಕೊಟ್ಲು. ನಿಪ್ಪಾಣಿ ಸ್ಟ್ಯಾಂಡಿನ್ಯಾಗ ತಾಸ ಹೊತ್ತು ನಿಂತ ಮ್ಯಾಲ ಬಸ್.

ಜ್ಞಾನದೇವರು ಸಣಕಲ ಮನಿಷಾ. ಮನಿತುಂಬ ಫೈಲು. ಕುರ್ಚಿ ಮ್ಯಾಲಿಂದ ಫೈಲು ಎತ್ತಿದ ಮ್ಯಾಲ ನನಗ ಕುಂಡ್ರಾಕ ಜಾಗಾ ಆತು. ಮರಾಠ್ಯಾಗ ಮಾತಾಡಿದ್ವಿ. ಅವರು ಹುಡುಗ ಇದ್ದಾಗ ಅದ ಹಡಗದ ಮ್ಯಾಲ ಕೆಲಸ ಕಲಿಯಾಕತ್ತಿದ್ರಂತ. ಜ್ವರ ಬಂದು ಮುಂಬೈದಾಗ ಇಳದ್ರು. ಹಡಗ ಅವರನ್ನ ಬಿಟ್ಟು ಹೋತು, ಮತ್ತ ಬರಲಿಲ್ಲ. "ಗೋರ‍್ಯಾರ ಇಂಗ್ರೇಜರ ಹೆಸರು ಒಂದೊಂದೂ ಕಲ್ಲಿನ್ಯಾಗ ಕೆತ್ತ್ಯಾರ. ನಮ್ಮಾವರದು ಬರೇ ಲೆಕ್ಕ — ಖಲಾಸಿಗಳು, ಮೂವತ್ತೊಂದು. ಆ ಮೂವತ್ತೊಂದ ಮಂದೀದೂ ಹೆಸರು, ಊರು ಹಾಕದ ನಾ ಸಾಯೂದಿಲ್ಲ" ಅಂದ್ರು. ಮನಿಷಾ ಸೇರಿದ ನನಗ.

ಹಡಗದ ಕತಿ ಅವರು ಹೇಳಿದಂಗ ಬರದಿಡತೀನಿ. ಇಪ್ಪತ್ತಮೂರರಾಗ ವಿಲಾಯತ್ಯಾಗ ಕಟ್ಟಿದ್ದು. ಸೆಣಬು, ಚಾಪುಡಿ ಹೊರಕೋತ ತಿರಗತಿತ್ತು. ಯುದ್ಧ ಬಂದ ಕೂಡಲೆ ಮೈತುಂಬ ಬೂದಿ ಬಣ್ಣ ಬಳದು, ಹಿಂದ ಒಂದ ತೋಪು ಕುಂಡ್ರಿಸಿದ್ರು. ನಲವತ್ತೆರಡರ ನವೆಂಬರ, ಮುಂಬೈದಿಂದ ಹೊಂಟಿತು, ಆಫ್ರಿಕಾ ಸುತ್ತಿ ವಿಲಾಯತಿಗೆ. ಒಳಗ ಮ್ಯಾಂಗನೀಜ್ ಕಲ್ಲು, ಹತ್ತಿ ಅಂಡಗಿ, ಶೇಂಗಾ ಹಿಂಡಿ. ಜೋಡಿಗೆ ಕಾವಲ ಹಡಗ ಇರಲಿಲ್ಲ. ಒಂಬತ್ತನೇ ದಿನ ನಸಕಿನ್ಯಾಗ ನೀರೊಳಗಿಂದ ಟಾರ್ಪಿಡೋ ಬಡೀತು. ಕಲ್ಲಿನ ಭಾರ... ಹನ್ನೊಂದ ಮಿನಿಟಿನ್ಯಾಗ ಮುಳುಗಿತು. ಐವತ್ತೆಂಟ ಮಂದ್ಯಾಗ ಉಳದಾವರು ಹತ್ತೊಂಬತ್ತು, ಒಂದ ದೋಣ್ಯಾಗ.

ಉಳದಾವರಾಗ ರತ್ನಾಗಿರಿ ಕಡೆ ಅಡಗಿಯಾಂವ ಒಬ್ಬ. ದರ್ಬನ್ ಬಂದರದಾಗ ಅವನ ಜಬಾನಿ ಬರಸಿಕೊಂಡಾರ. ಅದನ್ನ ಓದಿ ಹೇಳಿದ್ರು — "ಫಾಯರ್‌ಮನ್ ಮಾಳಸಿದ್ದ, ಕುರುಬರಾಂವ, ನನ್ನ ಬಾಜೂಕ ದೋಣ್ಯಾಗ ಕುಂತಿದ್ದ. ಕೆಳಗ ಬಾಯ್ಲರ್ ಕಡೆ ಇಬ್ಬರು ಸಿಕ್ಕೊಂಡಾರ ಅಂತ ಯಾರೋ ಒದರಿದ್ರು. ಹೊದ್ದ ಕಂಬಳಿ ತಗದು ನನ್ನ ಮ್ಯಾಲ ಒಗದು ಹೊಳ್ಳಿ ಹೋದ. ಒಬ್ಬನ್ನ ಹೆಗಲ ಮ್ಯಾಲ ಹೊತಗೊಂಡು ಬಂದ. ಎರಡನೇದಾಂವಗ ಹೋದಾಂವ ಬರಲಿಲ್ಲ. ಏಳ ದಿನ ಆ ಕಂಬಳಿ ಒಂದ ನಮಗ ಆಸರ. ಕರೇ ಕಂಬಳಿ, ಮೂಲ್ಯಾಗ ಬಿಳಿ ಉಣ್ಣಿಲೆ ಕುರಿ ಗೊರಸಿನ ಗುರತ..."

"ಥಾಂಬಾ" ಅಂದೆ. ನಿಲ್ಲಸ್ರಿ.

ಅವ್ವ ನೂತ ಉಣ್ಣಿ ಕಂಬಳಿಗೆಲ್ಲ ಮೂಲ್ಯಾಗ ಬಿಳಿ ಉಣ್ಣಿಲೆ ಕುರಿ ಗೊರಸು ಹಾಕತಾಳ. ಊರಾಗ ಬ್ಯಾರೆ ಯಾರೂ ಹಾಕೂದಿಲ್ಲ. ಕಂಬಳಿ ಅದಲ ಬದಲ ಆಗಬಾರದಂತ ಆಕಿ ಹುಟ್ಟಿಸಿದ್ದು. ನಾ ದಿನಾ ಹೊದಿಯೂದರ ಮ್ಯಾಲೂ ಐತಿ.

ಎಲ್ಲಾ ಹೇಳಿದೆ. ಅವರು ಚಸ್ಮಾ ತಗದು ಒರಸಿಕೊಂಡ್ರು. "ಬಾಯಿ, ನನಗ ನಂಬಿಕಿ ಐತಿ. ಆದ್ರ ಪುಸ್ತಕದಾಗ ಹೆಸರ ತಿದ್ದಬೇಕಂದ್ರ ಬದುಕಿರೂ ಮಾಳಸಿದ್ದ ಪಂಚರ ಮುಂದ ಹೇಳಿ ಹೆಬ್ಬಟ್ಟ ಒತ್ತಬೇಕು. ದೀಪಾವಳಿಗೆ ಪ್ರೆಸ್ಸಿಗೆ ಕೊಡಾಂವ ಅದೀನಿ."

ಬಸ್ಸಿನ್ಯಾಗ ಕಿಡಕಿ ಕಡೆ ಮಾರಿ ಮಾಡಿ ಕುಂತೆ. ಅಪ್ಪ ಓಡಿ ಹೋಗಿಲ್ಲ. ಓಡಿ ಹೋಗಿಲ್ಲ. ಕಾಗಲ್ ದಾಟೂತನಕ ಅದನ್ನ ಅನಕೋತ ಬಂದೆ. ದಾಟಿದ ಮ್ಯಾಲ ಹೊಳೀತು — ಅಪ್ಪ ಸತ್ತಾನ ಅಂತ ಊರ ಮುಂದ ರುಜುವಾತ ಮಾಡಿದ್ರ ಮರದಿನಾನ ಅವ್ವನ ಕೈ ಬಳಿ ಒಡೀತಾರ. ನನಗ ಮಾಡಿದಂಗ.

೧೫-೮-೮೯

ಝಂಡಾ ಏರಿಸಿದಾಂವ ಮಾಳಸಿದ್ದ ಕಾಕಾ. ಸ್ವಾತಂತ್ರ್ಯ ಅಂದ್ರೇನು ಅಂತ ಹುಡುಗೂರಿಗೆ ಅರ್ಧಾ ತಾಸ ಹೇಳಿದ. ನಾ ಪೇಡೆ ಹಂಚಿದೆ. ಅವಗ ಕೊಡಲಿಲ್ಲ.

೨-೯-೮೯, ಶನಿವಾರ

ಇಪ್ಪತ್ತ ದಿನ ತಡಕೊಂಡೆ. ಇನ್ನ ಆಗಲಿಲ್ಲ. ಮುಂಜಾನಿ ಸಾಲಿ ಮುಗಿಸಿ ಕಾಕಾನ ಕುರಿ ಹಟ್ಟಿಗೆ ಹೋದೆ. ಒಬ್ಬನ ಇದ್ದ, ಮರೀ ಕಾಲಿಗೆ ಅರಿಷಿಣ ಹಚ್ಚಾಕತ್ತಿದ್ದ.

"ಕಾಕಾ, ಹಡಗದಾಗ ಸತ್ತಾಂವ ನಮ್ಮಪ್ಪ."

ತಲಿ ಎತ್ತಲಿಲ್ಲ. "ಯಾರ ಹೇಳಿದ್ರು?"

"ಅವ್ವನ ಕಂಬಳಿ ಹೇಳಿತು."

ಮರೀನ ಕೆಳಗ ಬಿಟ್ಟು ಕೈ ಒರಸಿಕೊಂಡ. ಆಮ್ಯಾಲ ಬಾಯಿ ಬಿಚ್ಚಿದ. ಆಗಿನ ಕಾಲಕ್ಕ ಹಡಗದಾಗ ಮೊದಲ ದುಡದಾವರಿಗೆ ಒಂದ ಚೀಟಿ ಇರತಿತ್ತಂತ. ತಗಡಿನ ನಳಿಗ್ಯಾಗ ಸುತ್ತಿ ಇಡತಿದ್ರು, ಅದಕ್ಕ ನಳಿ ಅಂತಿದ್ರು. ನಳಿ ಇದ್ರ ಕೆಲಸ, ಇಲ್ಲಾಂದ್ರ ಬಂದರದಾಗ ಮಲಗೂದು. ಕಾಕಾ ಒಂದ ಸಫರ್ ಹೋಗಿ ಬಂದು ಅಂಜಿ ನೀರಾಗಿದ್ದ. ಅಪ್ಪನ ಕಡೆ ನಳಿ ಇರಲಿಲ್ಲ. ಇಬ್ಬರೂ ಕೂಡಿ ಮಾತಾಡಿಕೊಂಡ್ರು. ಕಾಕಾನ ನಳಿ ತಗೊಂಡು ಅಪ್ಪ ಮಾಳಸಿದ್ದ ಆಗಿ ಹಡಗ ಹತ್ತಿದ. ಎಷ್ಟೋ ಮಂದಿ ಹಂಗ ಮಾಡತಿದ್ರಂತ, ಗೋರ‍್ಯಾರಿಗೆ ನಮ್ಮ ಮಾರಿ ಎಲ್ಲಾ ಒಂದ.

"ನಲವತ್ತಮೂರರಾಗ ಕಂಪನಿ ಕಾಗದ ಬಂತು. ನಾನ ಸತ್ತೀನಿ ಅಂತ, ನನಗ. ಸರಕಾರಕ್ಕ ಮೋಸ ಮಾಡೀನಿ, ಒಳಗ ಹಾಕತಾರಂತ ಎದಿ ಒಡೀತು. ಒಲ್ಯಾಗ ಹಾಕಿದೆ."

"ಮತ್ತ ಡೋಂಗ್ರಿಯಾಕಿ?"

"ಊರ ಕೇಳಾಕತ್ತಿತ್ತು ಮಲಕಾರಿ ಎಲ್ಲಂತ. ಏನರೆ ಒಂದ ಹೇಳಬೇಕಾಗಿತ್ತಲ್ಲ ತಂಗಿ. ಸತ್ತಾನಂದ್ರ ಹ್ಯಾಂಗ ಗೊತ್ತು ಅಂತಿದ್ರು. ನಿಮ್ಮವ್ವಗ ಆಗ ಹತ್ತೊಂಬತ್ತ ವರ್ಷ. ನಾ ಖರೆ ಹೇಳಿದ್ರ ಆಕಿ ಅವತ್ತ ಬಳಿ ಒಡಕೊಂಡು ಮೂಲಿ ಸೇರತಿದ್ಲು. ನನ್ನ ಸುಳ್ಳಿನಿಂದ ಆಕಿ ಕುಂಕುಮ ಉಳೀತು."

ನನಗ ಎಲ್ಲಿಲ್ಲದ ಸಿಟ್ಟ ಬಂತು. "ಉಪಕಾರ ಮಾಡಿದೇನು? ಇಂಗ್ರೇಜರು ಹೋಗಿ ನಲವತ್ತೆರಡ ವರ್ಷ ಆತು. ನೀನ ಮೊನ್ನೆ ಅವರ ಮ್ಯಾಲ ಭಾಷಣ ಮಾಡಿದಿ. ಯಾವ ಪೋಲೀಸರಿಗೆ ಅಂಜಾಕತ್ತಿದ್ದಿ ಇಷ್ಟ ದಿನಾ? ನನ್ನ ಮೂರ ಸಂಬಂಧ ಮುರದು ಹೋದಾಗ ನೀನ ಹಿರ‍್ಯಾ ಆಗಿ ಕುಂತಿದ್ದಿ ಕಾಕಾ, ಕಂಬಳಿ ಮ್ಯಾಲ. ಓಡಿ ಹೋದಾವನ ಮಗಳು ಬ್ಯಾಡಂತ ಅವರು ಅಂದಾಗ ನೆಲಾ ನೋಡಿದಿ."

ಮುದುಕ ಅತ್ತ. ನನಗ ಕನಿಕರ ಬರಲಿಲ್ಲ, ಬರಬೇಕಾಗಿತ್ತೇನೋ. "ಗುಡ್ಯಾಗ ದೇವರ ಅರಿಷಿಣದ ಭಂಡಾರ ಮುಟ್ಟಿ ಹೇಳಬೇಕು, ಎಲ್ಲಾರ ಮುಂದ" ಅಂದೆ.

"ಹೇಳತೀನಿ. ಆದ್ರ ಮೊದಲ ನಿಮ್ಮವ್ವನ್ನ ಕೇಳ. ಹೋಗೂದು ಆಕಿ ಕುಂಕುಮ."

ಅದೊಂದ ಮಾತು ಬರೋಬ್ಬರಿ ಹೇಳಿದ.

೧೦-೯-೮೯, ಐತವಾರ

ಅವ್ವಗ ಹೇಳಿದೆ.

ಅಂಗಳದಾಗ ಉಣ್ಣಿ ಹಿಂಜಾಕತ್ತಿದ್ಲು. ಎಂಟ ದಿನ ಬಾಯಿಗೆ ಬಂದಿದ್ದು ನುಂಗಿದ್ದೆ. ಇವತ್ತ ಒಂದ ಉಸರಿನ್ಯಾಗ ಹೇಳಿ ಮುಗಿಸಿದೆ — ನಳಿ, ಟಾರ್ಪಿಡೋ, ದೋಣಿ, ಕಂಬಳಿ. ಕೈ ನಿಂದರಲಿಲ್ಲ ಆಕಿದು. ಹಿಂಜಕೋತ ಕೇಳಿದ್ಲು.

"ಎಷ್ಟ ಮಂದಿನ್ನ ಹೊರಗ ತಂದ?"

"ಒಬ್ಬನ್ನ. ಎರಡನೇದಾಂವಗ ಹೋಗಿದ್ದ."

"ನೀರ ತಣ್ಣಗ ಇತ್ತೇನ?"

ಗೊತ್ತಿಲ್ಲ ಅಂದೆ.

"ಕಂಬಳಿ ಬಿಟ್ಟು ಹೋದ. ಹುಚ್ಚ. ನೆನದ್ರೂ ಬೆಚ್ಚಗ ಇರತೈತಿ ಅದು." ಇಷ್ಟ ಅಂದು ಉಣ್ಣಿ ಕೆಳಗಿಟ್ಟು ಅತ್ಲು. ಹತ್ತೊಂಬತ್ತ ವರ್ಷದಾಕಿ ಅಳಬೇಕಾಗಿದ್ದನ್ನ ಅರವತ್ತಾರನೇ ವರ್ಷಕ್ಕ ಅತ್ಲು. ನಾ ಬಾಜೂಕ ಕುಂತೆ, ಸುಮ್ಮ ಇರು ಅನ್ನಲಿಲ್ಲ.

ಕಣ್ಣ ಒರಸಿಕೊಂಡ ಮ್ಯಾಲ ಹೇಳಿದೆ, "ಯವ್ವಾ, ಇದು ಹೊರಗ ಬಿದ್ರ ನಿನ್ನ ಬಳಿ..."

"ಗೊತ್ತೈತಿ. ನನಗೇನ ತಿಳಿಯೂದಿಲ್ಲೇನ? ಮಾಳಸಿದ್ದನ ಬಾಯಿಲೆ ಹೇಳಸು. ನನ್ನ ಗಂಡಗ ಯಾವಾಕಿನ್ನೋ ಕಟ್ಟಿದ ಬಾಯಿ ಅದು, ಅದ ಬಾಯಿ ಬಿಚ್ಚಬೇಕು."

"ಬಳಿ?"

"ಅದನ್ನ ನಾ ನೋಡತೀನಿ."

೧೭-೯-೮೯, ಐತವಾರ

ಆತು. ಗುಡ್ಯಾಗ ಕಂಬಳಿ ಹಾಸಿದ್ರು. ಆ ಕಂಬಳಿ ಮ್ಯಾಲ ಕುಂತು ಭಂಡಾರ ಹಿಡದು ಸುಳ್ಳ ಹೇಳಿದಾಂವ ನಮ್ಮ ಕುರುಬರಾಗ ಇನ್ನೂ ಹುಟ್ಟಿಲ್ಲ. ಅದಕ್ಕ ಕಾಕಾ ಇಷ್ಟ ವರ್ಷ ಕುಂಡ್ರತಿದ್ದ, ಆದ್ರ ಅಪ್ಪನ ಮಾತ ಬಂದಾಗ ಭಂಡಾರ ಮುಟ್ಟತಿರಲಿಲ್ಲ. ಈಗ ತಿಳೀತು.

ಧೂಳಪ್ಪ ಭಂಡಾರದ ಚೀಲ ಹಿಡದ. ಕಾಕಾ ಮುಷ್ಟಿ ತುಂಬ ಅರಿಷಿಣ ತಗೊಂಡು ಎಲ್ಲಾ ಹೇಳಿದ. ಅಡ್ಡಾದಿಡ್ಡಿ, ನಡುನಡುವ ನಿಂತು. "ಮಲಕಾರಿ ಓಡಿ ಹೋಗಿಲ್ಲ. ಓಡಿ ಬಂದಾಂವ ನಾನು" ಅಂದ. ಪದ್ಮವ್ವ ಸೆರಗ ಬಾಯಿಗೆ ಒತ್ತಿಕೊಂಡಿದ್ಲು.

ಹೆಬ್ಬಟ್ಟ ಒತ್ತಿದ. ಅರಿಷಿಣ ಹತ್ತಿದ ಹೆಬ್ಬಟ್ಟು, ಕಾಗದದ ಮ್ಯಾಲ ಮಸಿ ಜೋಡಿ ಹಳದಿ. ಐದ ಮಂದಿ ಪಂಚರು ಸಹಿ ಹಾಕಿದ್ರು. ನಾಳೆ ರಜಿಸ್ಟರ್ ಮಾಡತೀನಿ.

ಹೊರಗ ಬರೂವಾಗ ಕಾಕಾ ಅವ್ವನ ಕಾಲ ಮುಟ್ಟಾಕ ಬಗ್ಗಿದ. ಅವ್ವ ಹಿಂದ ಸರದ್ಲು. "ಬಗ್ಗಬ್ಯಾಡ, ಏಳಾಕ ಬರೂದಿಲ್ಲ ನಿನಗ" ಅಂದ್ಲು. ಕ್ಷಮಾ ಮಾಡಿದಳೋ ಬೈದಳೋ ನನಗ ಇನ್ನೂ ತಿಳಿದಿಲ್ಲ.

೨೯-೯-೮೯, ಶುಕ್ರವಾರ, ಅಮಾಸಿ

ಕೊಲ್ಹಾಪುರದಿಂದ ಕಾರ್ಡ್ ಬಂತು. "ಫಾಯರ್‌ಮನ್ ಮಲಕಾರಿ, ಭೋಜ. ಮಾಳಸಿದ್ದ ಎಂಬ ಹೆಸರಿನಲ್ಲಿ ದುಡಿದವರು." ಹಿಂಗ ಅಚ್ಚ ಆಕ್ಕೈತಂತ. ಅವ್ವಗ ಆರ ಸಲ ಓದಿ ಹೇಳಿದೆ. ಏಳನೇ ಸಲ ಆಕಿನ ಕಾರ್ಡ್ ಕೈಯಾಗ ಹಿಡದು ಓದಿದಂಗ ಮಾಡಿದ್ಲು.

ಹಿರೇರ ಅಮಾಸಿ. ಮೊದಲ ಸಲ ಅಪ್ಪನ ಹೆಸರಲೆ ಎಡಿ ಹಿಡದ್ವಿ. ಹೋಳಿಗಿ, ಶೇಂಗಾ ಚಟ್ನಿ. ಮಾಳಿಗಿ ಮ್ಯಾಲ ಇಟ್ವಿ, ಕಾಗಿ ಲಗೂನ ಬಂತು.

ಊಟಾ ಆದ ಮ್ಯಾಲ ಧೂಳಪ್ಪ, ಪದ್ಮವ್ವ, ಇನ್ನೊಂದ ಮೂರ ಮಂದಿ ಹಿರೇರು ಬಂದ್ರು. ಗೊತ್ತಿತ್ತು ಬರತಾರಂತ. ಧೂಳಪ್ಪಗ ನಾಚಿಕಿ, ಗ್ವಾಡಿಗೆ ಹೇಳಿದಂಗ ಹೇಳಿದ — "ದುಂಡವ್ವಾಯಿ, ನಾಳೆ ನವರಾತ್ರಿ ಘಟ ಕುಂಡ್ರತಾವ. ಅದಕ್ಕಿಂತ ಮೊದಲ ಬಳಿ, ಕುಂಕುಮದ್ದು... ರೀತಿ ಮಾಡಿ ಮುಗಿಸಿದ್ರ ಚಲೋ. ಗೊತ್ತಾದ ಮ್ಯಾಲ ಹಂಗ ಬಿಟ್ರ ದೋಷ ಬರತೈತಿ."

ಅವ್ವ ಹಣಿ ಮ್ಯಾಲ ಕೈ ಇಟ್ಟು ನೋಡಿಕೊಂಡ್ಲು, ಕುಂಕುಮ ಐತೋ ಇಲ್ಲೋ ಅನ್ನೂವಂಗ.

"ಧೂಳಪ್ಪಾ, ನನ್ನ ಗಂಡ ಓಡಿ ಹೋಗ್ಯಾನ ಅಂತ ನೀವೆಲ್ಲಾರೂ ಅಂದಾಗ ನಾ ಇದನ್ನ ಹಚ್ಚಕೊಂಡೆ. ದಿನಾ. ಮಂದಿ ಮಾರಿ ಮ್ಯಾಲ ನಗತಿದ್ರು, ಹಚ್ಚಕೊಂಡೆ. ಈಗ ಓಡಿ ಹೋಗಿಲ್ಲ, ಭಲೇ ಗಂಡಸಾಗಿದ್ದ ಅಂತ ನೀವ ಹೇಳೀರಿ. ಈಗ ಅಳಸಂತೀರಿ?"

"ರೀತಿ ಐತೆವ್ವಾ..."

"ಕೆಟ್ಟ ಗಂಡನ ಹೆಸರಲೆ ನಡದಿದ್ದು ಚಲೋ ಗಂಡನ ಹೆಸರಲೆ ಯಾಕ ನಡ್ಯೂದಿಲ್ಲ? ನಿಮ್ಮ ರೀತಿಗೆ ನಾಚಿಕಿ ಇಲ್ಲೇನ? ಹೋಳಿಗಿ ಅದಾವ, ತಿನ್ನೂದಿದ್ರ ಕುಂಡರ್ರಿ."

ಪದ್ಮವ್ವ ಒಬ್ಬಾಕಿ ಕುಂತ್ಲು. ಉಳದಾವರು ಹ್ವಾದ್ರು.

೧-೧೦-೮೯, ಐತವಾರ

ಮುಂಜಾನಿ ಲಕ್ಷ್ಮಿಬಾಯಿ ಓಣಿಗೆ ಬಂದ್ಲು, ನವರಾತ್ರಿ ಬಳಿ. ನಮ್ಮ ಮನಿ ಮುಂದ ಬಂದಾಗ ಬುಟ್ಟಿ ಇಳಸಲಿಲ್ಲ. ತಲಿ ಮ್ಯಾಲ ಹೊತ್ತ ನಿಂತ್ಲು. ಸುತ್ತ ಬಾಗಲದಾಗ ಹೆಂಗಸರು. ಆಕಿಗೂ ಹೊಟ್ಟಿ ಐತಿ, ಊರ ಬಿಟ್ಟು ಬಳಿ ಯಾರಿಗೆ ಮಾರಬೇಕು. "ದುಂಡವ್ವಕ್ಕಾ, ಮಂದಿ ಏನಂತಾರೋ" ಅಂದ್ಲು, ಕಣ್ಣಾಗ ನೀರ ತಂದು.

ನಾ ಒಳಗ ಇದ್ದೆ. ಯಾವಾಗಲೂ ಇರೂವಂಗ.

ಅವ್ವ ಒದರಿದ್ಲು, "ಸಾವಿತ್ರೀ, ಹೊರಗ ಬಾ."

ಹೋದೆ. ಕಟ್ಟಿ ಮ್ಯಾಲ ತನ್ನ ಬಾಜೂಕ ಕುಂಡ್ರಿಸಿಕೊಂಡ್ಲು. ನನ್ನ ಬಲಗೈ ಹಿಡದು ಲಕ್ಷ್ಮಿಬಾಯಿ ಮುಂದ ಚಾಚಿದ್ಲು. "ಮೊದಲ ಇಕಿಗೆ ಇಡು. ಇಕಿ ಗಂಡ ಭರಮೂನೂ ಓಡಿ ಹೋಗಿಲ್ಲ."

ಯವ್ವಾ ಬ್ಯಾಡ ಅಂದೆ. ಅಂದೆ ಅಂತ ಬರೀತೀನಿ, ಧ್ವನಿ ಹೊರಗ ಬಂದಿರಲಿಲ್ಲ. ಕೈ ಹಿಂದಕ್ಕ ಎಳಕೊಳ್ಳಲಿಲ್ಲ ನಾ. ಅದಂತೂ ಖರೆ.

ಎದರಮನಿಯಿಂದ ಪದ್ಮವ್ವ ಇಳದು ಬಂದ್ಲು. ಜಗಳಕ್ಕ ಬಂದ್ಲಂತ ಹಲ್ಲ ಕಡದು ಕುಂತೆ. ಆಕಿ ಲಕ್ಷ್ಮಿಬಾಯಿ ತಲಿ ಮ್ಯಾಲಿನ ಬುಟ್ಟಿಗೆ ಕೈ ಹಚ್ಚಿ ಕೆಳಗ ಇಳಿಸಿದ್ಲು.

ಎಂಟ ವರ್ಷದಾಗ ಕೈ ಬಿರಸ ಆಗ್ಯಾವ. ಗೆಣ್ಣಿನ ಹತ್ರ ಬಳಿ ಸಿಕ್ಕೊಂಡು ನೋವಾತು. ಲಕ್ಷ್ಮಿಬಾಯಿ ಬಿಡಲೇನ ಅಂದ್ಲು. ಎಳಿ ಅಂದೆ.

ಆರ ಹಸರ ಬಳಿ, ಒಂದೊಂದ ಕೈಗೆ. ಬರಿಯಾಕ ಬರವಲ್ದು, ಹಾಳಿಗೆ ಬಡದು ಸಪ್ಪಳ ಮಾಡತಾವ. ನಾಳೆ ಗಾಂಧಿ ಜಯಂತಿ, ಸಾಲ್ಯಾಗ ಕಾರ್ಯಕ್ರಮ. ಹೆಡ್‌ಮಾಸ್ತರು ನೋಡತಾರ, ಹುಡುಗೂರು ನೋಡತಾವ. ನೋಡಲಿ. ಹಾಜರಿ ಕರಿಯೂವಾಗ ಕೈ ಎತ್ತಿ—

ಹೊರಗ ಮತ್ತ ಯಾರೋ ಬಂದಾರ. ಧೂಳಪ್ಪನ ಧ್ವನಿ. ಅವ್ವ ಒಬ್ಬಾಕಿನ ಅದಾಳ ಕಟ್ಟಿ ಮ್ಯಾಲ. ಹೊಂಟೆ, ಬಳಿ ಸಪ್ಪಳ ಮಾಡಿಕೋತನ.